ಓಲೆಯಿಲ್ಲದ ಕವಿ: ಬಡಗೇರಿಯ ಸುಕ್ರಜ್ಜಿ

ನಮ್ಮ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡವು ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವಾಗಿತ್ತು ಎಂಬುದು ಓದುಗರಿಗೆ ತಿಳಿದ ಸಂಗತಿಯೇ ಆಗಿದೆ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿದ್ದ ಶ್ರೀವಿಜಯನ ‘ಕವಿರಾಜಮಾರ್ಗ’ವು ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥ. ಅದರಲ್ಲಿ ಈ ನಾಡಿನ ಜನರನ್ನು ಕುರಿತು ಒಂದು ಮಾತು ಬರುತ್ತದೆ. ಉದ್ದೇಶಪೂರ್ವಕವಾಗಿ ಓದದೆಯೂ ಕಾವ್ಯಪ್ರಯೋಗದಲ್ಲಿ ಪರಿಣತವಾದ ಬುದ್ಧಿಯುಳ್ಳವರು ಇವರು ಎಂಬುದು ಅದರ ತಾತ್ಪರ್ಯ. ಕನ್ನಡ ಅಧ್ಯಾಪಕನಾಗಿದ್ದ ನಾನು ಈ ಮಾತನ್ನು ವರ್ಷಕ್ಕೊಮ್ಮೆಯಾದರೂ ತರಗತಿಯಲ್ಲಿ ಹೇಳುತ್ತಿದ್ದೆ. ನಮ್ಮ ಜಿಲ್ಲೆಯ ನೆಲದಲ್ಲಿಯೇ ಹುಟ್ಟಿದ ಮಾತಲ್ಲವೆ, ಹೇಳುವಾಗ ಸ್ವಲ್ಪ ಹೆಮ್ಮೆಯೂ ಸೇರಿಕೊಳ್ಳುತ್ತಿತ್ತು.

ಒಂದು ವರ್ಷ ಕಮಲಾಪುರದ ಕಡೆಯ ಶಾಲೆಯಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, “ಓದ್ಲಾಕ ಬರಲಾರದೋರು ಕವಿ ಹ್ಯಾಂಗ ಆಗ್ತಾರ್ರೀ ಸರ್?” ಎಂದು ಕೇಳಿದ. ಅದು ಕುಚೋದ್ಯದ ಪ್ರಶ್ನೆಯಾಗಿರಲಿಲ್ಲ. ಅವನ ಪ್ರಗತಿಪತ್ರದಲ್ಲಿ ಪಾಲಕರ ಸಹಿಯ ಜಾಗದಲ್ಲಿ ಹೆಬ್ಬೆಟ್ಟಿನ ಗುರುತು ಇರುತ್ತಿತ್ತು. ಅಕ್ಷರ ಬಾರದವರೆಂದರೆ ಏನೂ ಬಾರದವರು ಎಂಬ ಪಾಠವನ್ನು ಆ ಮಗು ಲೋಕದಿಂದ ಆಗಲೇ ಕಲಿತಿತ್ತು. ಈ ಪ್ರಶ್ನೆಗೆ ಅಲಂಕಾರಶಾಸ್ತ್ರದಿಂದ ಉತ್ತರ ಕೊಡಬಹುದು. ಆದರೆ ಒಬ್ಬ ಹೆಣ್ಣುಮಗಳ ಬದುಕನ್ನು ಮುಂದಿಟ್ಟರೆ ಉತ್ತರ ಇನ್ನಷ್ಟು ಸ್ಪಷ್ಟವಾಗುತ್ತದೆ ಎಂಬುದು ನನ್ನ ನಂಬಿಕೆ. ಆಕೆ ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡ. ಜನ ಪ್ರೀತಿಯಿಂದ ಕರೆದದ್ದು ಸುಕ್ರಜ್ಜಿ ಎಂದು.

ಸುಕ್ರಜ್ಜಿ ಹಾಲಕ್ಕಿ ಒಕ್ಕಲಿಗ ಸಮುದಾಯದವರು. ಸಹ್ಯಾದ್ರಿಯ ತಪ್ಪಲಿಗೂ ಅರಬ್ಬೀ ಸಮುದ್ರಕ್ಕೂ ನಡುವೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ತಾಲ್ಲೂಕುಗಳಲ್ಲಿ ಹರಡಿಕೊಂಡಿರುವ ಜನ ಇವರು. ಭತ್ತದ ಗದ್ದೆ, ತರಕಾರಿ, ಕೂಲಿ, ಕಾಡಿನ ಸೊಪ್ಪು ಸೌದೆ ಇವರ ಜೀವನಾಧಾರ. ಹೆಂಗಸರು ಕೊರಳ ತುಂಬ ಮಣಿಸರಗಳನ್ನು ಹೇರಿಕೊಂಡು, ರವಿಕೆ ತೊಡದೆ, ತಮ್ಮದೇ ಆದ ರೀತಿಯಲ್ಲಿ ಸೀರೆಯನ್ನು ಭುಜಕ್ಕೆ ಕಟ್ಟಿ ಉಡುತ್ತಾರೆ. ಗಂಡಸರು ಮಣ್ಣಿನ ಗುಮಟೆ ಬಾರಿಸುತ್ತಾರೆ. ಹೋಳಿಯ ಹೊತ್ತಿಗೆ ಊರೂರಿಗೆ ಹೋಗಿ ಸುಗ್ಗಿ ಕುಣಿಯುತ್ತಾರೆ. ಊರಿಗೊಬ್ಬ ಗೌಡ, ಹಲವು ಊರುಗಳ ಸೀಮೆಗೊಬ್ಬ ಗೌಡ ಎಂದು ನ್ಯಾಯ ನೀತಿಗಳ ಸ್ವಂತ ಕಟ್ಟಳೆ ಇಟ್ಟುಕೊಂಡವರು. ಇವರ ಕನ್ನಡ ನಮ್ಮ ಬಯಲುಸೀಮೆಯ ಕಿವಿಗೆ ಒಮ್ಮೆಲೆ ತಿಳಿಯುವುದಿಲ್ಲ. ಎರಡು ಸಲ ಕೇಳಿದರೆ ಅದರೊಳಗಿನ ಹಳೆಯ ಬನಿ ಗೊತ್ತಾಗುತ್ತದೆ.

ಇಂಥ ಮನೆಯಲ್ಲಿ ಹುಟ್ಟಿದ ಸುಕ್ರಿಗೆ ಶಾಲೆಯ ಓದು ದಕ್ಕಲಿಲ್ಲ; ಹಾಡುಗಳು ತಾಯಿಯ ಬಾಯಿಂದ ಬಂದವು. ಇನ್ನೂ ಎಳೆಯ ವಯಸ್ಸಿನಲ್ಲಿಯೇ, ತನಗಿಂತ ಬಹಳ ಹಿರಿಯರಾದ ಬೊಮ್ಮಗೌಡರೊಂದಿಗೆ ಮದುವೆಯಾಯಿತು. ಆ ಗಂಡನನ್ನು ಕುಡಿತ ತಿಂದಿತು. ಆಕೆ ದತ್ತು ಪಡೆದು ಸಾಕಿದ ಮಗನನ್ನೂ ಅದೇ ಕುಡಿತ ತಿಂದಿತು. ಉಳಿದದ್ದು ಕೂಲಿ, ಗದ್ದೆ ಮತ್ತು ಹಾಡು. ದುಃಖವನ್ನು ಮರೆಯಲು ಹಾಡಿದರು ಎಂದು ಕೆಲವರು ಬರೆಯುತ್ತಾರೆ. ನನಗೆ ಆ ಮಾತು ಅರ್ಧ ಸತ್ಯವೆನಿಸುತ್ತದೆ. ಮರೆಯುವುದಕ್ಕೆ ಹಾಡುವವರು ಸಾವಿರಾರು ಹಾಡುಗಳನ್ನು ನೆನಪಿನಲ್ಲಿ ಇಟ್ಟುಕೊಂಡು ಊರ ಹುಡುಗಿಯರಿಗೆ ಕಲಿಸುತ್ತ ಕೂಡುವುದಿಲ್ಲ. ಸುಕ್ರಜ್ಜಿ ಮಾಡಿದ್ದು ಅದನ್ನೇ.

ಆ ಹಾಡುಗಳು ಯಾವುವು? ಗದ್ದೆಯಲ್ಲಿ ನೆಟ್ಟಿ ಮಾಡುವಾಗ, ಬೀಸುವಾಗ, ಮದುವೆಯ ಶಾಸ್ತ್ರಗಳು ನಡೆಯುವಾಗ, ಮಗುವನ್ನು ತೂಗುವಾಗ, ಸುಗ್ಗಿಯಲ್ಲಿ, ಹಬ್ಬದಲ್ಲಿ ಹೆಂಗಸರು ಹಾಡುವ ಹಾಡುಗಳು. ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಇವು ಬಿಡುವಿನ ವೇಳೆಯ ಹಾಡುಗಳಲ್ಲ. ಒಂದೊಂದು ಹಾಡೂ ಒಂದು ಕೆಲಸಕ್ಕೋ ಒಂದು ಶಾಸ್ತ್ರಕ್ಕೋ ಅಂಟಿಕೊಂಡು ಬದುಕುತ್ತದೆ. ಕೆಲಸ ನಿಂತ ದಿನ ಹಾಡಿಗೆ ನಿಲ್ಲಲು ಜಾಗವಿರುವುದಿಲ್ಲ.

ಇದನ್ನು ನಾನು ನಮ್ಮ ಮನೆಯಲ್ಲಿಯೇ ಕಂಡಿದ್ದೇನೆ. ಶರಣಸಿರಸಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಬೀಸುವ ಕಲ್ಲಿತ್ತು. ನಸುಕಿನಲ್ಲಿ ಅವ್ವ ಮತ್ತು ನಮ್ಮ ಚಿಕ್ಕವ್ವ ಎದುರುಬದುರು ಕುಳಿತು, ಒಂದೇ ಗೂಟಕ್ಕೆ ಇಬ್ಬರೂ ಕೈಹಾಕಿ ಜೋಳ ಬೀಸುತ್ತಿದ್ದರು. ಒಬ್ಬರು ಎತ್ತಿದ ಸೊಲ್ಲನ್ನು ಇನ್ನೊಬ್ಬರು ಹಿಡಿಯುತ್ತಿದ್ದರು. ತವರಿನ ನೆನಪು, ಅತ್ತಿಮನೆಯ ಸಂಕಟ, ಅಣ್ಣ ಬರಲಿಲ್ಲವೆಂಬ ಹಳಹಳಿ ಎಲ್ಲವೂ ಆ ಕಲ್ಲಿನ ಸುತ್ತ ತಿರುಗುತ್ತಿದ್ದವು. ಮುಂದೆ ಊರಿಗೆ ಹಿಟ್ಟಿನ ಗಿರಣಿ ಬಂತು. ಹೆಣ್ಣುಮಕ್ಕಳ ರಟ್ಟೆಗೆ ವಿಶ್ರಾಂತಿ ಸಿಕ್ಕಿತು. ಅದು ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಲ್ಲು ನಿಂತ ಮೇಲೆ ಅವ್ವ ಆ ಪದಗಳನ್ನು ಹಾಡಿದ್ದನ್ನು ನಾನು ಕೇಳಲಿಲ್ಲ. ಸುಮ್ಮನೆ ಕುಳಿತು ಹಾಡೆಂದರೆ, “ಕೈಯಾಗ ಗೂಟ ಇಲ್ದ ಬಾಯಾಗ ಪದ ಬರಂಗಿಲ್ಲಪ್ಪ” ಎನ್ನುತ್ತಿದ್ದರು. ಕಣದಲ್ಲಿ ಎತ್ತು ಕಟ್ಟಿ ರಾಶಿ ಮಾಡುವಾಗ ಗಂಡಸರು ಹಾಡುತ್ತಿದ್ದ ಹಂತಿಯ ಪದಗಳಿಗೂ ರಾಶಿ ಯಂತ್ರ ಬಂದ ಮೇಲೆ ಇದೇ ಗತಿಯಾಯಿತು.

ಇಂಥ ಹಾಡುಗಳನ್ನು ಪುಸ್ತಕಕ್ಕೆ ತಂದ ಪುಣ್ಯಾತ್ಮರು ನಮ್ಮ ನಾಡಿನಲ್ಲಿ ಬಹಳ ಮಂದಿ ಇದ್ದಾರೆ. ನಮ್ಮ ನೆರೆಯ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಉತ್ತರ ಕನ್ನಡದಲ್ಲಿ ಡಾ. ಎಲ್.ಆರ್. ಹೆಗಡೆಯವರು, ಡಾ. ಎನ್.ಆರ್. ನಾಯಕರು ಮತ್ತು ಶಾಂತಿ ನಾಯಕರು ಹಳ್ಳಿ ಹಳ್ಳಿ ತಿರುಗಿ ಸಂಗ್ರಹಿಸಿದರು. ಇವರು ದುಡಿಯದಿದ್ದರೆ ನಮ್ಮ ಕೈಯಲ್ಲಿ ಇಂದು ಏನೂ ಇರುತ್ತಿರಲಿಲ್ಲ. ಆದರೂ ಒಂದು ವಿಷಯ ನನ್ನ ಮನಸ್ಸನ್ನು ಆಗಾಗ ಕೊರೆಯುತ್ತದೆ. ಜಾನಪದ ಸಂಕಲನಗಳ ಮುಖಪುಟದ ಮೇಲೆ ಸಂಪಾದಕರ ಹೆಸರು ಇರುತ್ತದೆ. ಹಾಡಿದವಳು ಬಹುಮಟ್ಟಿಗೆ ‘ಗರತಿ’ಯಾಗಿಯೇ, ‘ಜನಪದರು’ ಆಗಿಯೇ ಉಳಿಯುತ್ತಾಳೆ. ಪರಂಪರೆ ಎಲ್ಲರದು, ಆದ್ದರಿಂದ ಒಬ್ಬರ ಹೆಸರು ಬೇಡ ಎಂಬ ವಾದವಿದೆ. ಭಾಷೆಯೂ ಎಲ್ಲರದು. ಹಾಗೆಂದು ಪಂಪನ ಹೆಸರನ್ನು ನಾವು ಅಳಿಸುತ್ತೇವೆಯೆ?

ಸುಕ್ರಜ್ಜಿಯನ್ನು ಪತ್ರಿಕೆಗಳು ‘ಜಾನಪದ ಗಾಯಕಿ’ ಎಂದವು, ‘ಹಾಲಕ್ಕಿ ಕೋಗಿಲೆ’ ಎಂದವು. ಎರಡೂ ಗೌರವದ ಮಾತುಗಳೇ. ಆದರೆ ಕೋಗಿಲೆಗೆ ಕಂಠವಿದೆ, ಮಾತಿಲ್ಲ. ವಸಂತ ಬಂದರೆ ಕೂಗುತ್ತದೆ. ಸುಕ್ರಜ್ಜಿಗೆ ಮಾತಿತ್ತು. ಯಾವ ಸಂದರ್ಭಕ್ಕೆ ಯಾವ ಹಾಡು, ಯಾವ ಸೊಲ್ಲನ್ನು ಎಲ್ಲಿ ಹಿಗ್ಗಿಸಬೇಕು, ಯಾರ ಹೆಸರನ್ನು ಎಲ್ಲಿ ಸೇರಿಸಬೇಕು ಎಂಬ ತೀರ್ಮಾನ ಇಂಥ ಹಾಡುಗಾರ್ತಿಯದು. 1930ರ ದಶಕದಲ್ಲಿ ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ ಯುಗೊಸ್ಲಾವಿಯದ ಹಳ್ಳಿಗಳಿಗೆ ಹೋಗಿ ಹಾಡುಗಾರರನ್ನು ಧ್ವನಿಮುದ್ರಿಸಿಕೊಂಡರು. ಅವರ ಶಿಷ್ಯ ಆಲ್ಬರ್ಟ್ ಲಾರ್ಡ್ ಆ ಕೆಲಸವನ್ನು ಮುಂದುವರಿಸಿ 1960ರಲ್ಲಿ ಗ್ರಂಥವಾಗಿ ಹೊರತಂದರು. ಅವರು ಕಂಡುಕೊಂಡದ್ದು ಇಷ್ಟು: ಮೌಖಿಕ ಪರಂಪರೆಯ ಹಾಡುಗಾರ ಗಿಳಿಪಾಠ ಒಪ್ಪಿಸುವುದಿಲ್ಲ, ಪರಂಪರೆ ಕೊಟ್ಟ ನುಡಿಗಟ್ಟುಗಳನ್ನು ಹಿಡಿದುಕೊಂಡು ಪ್ರತಿ ಸಲವೂ ಹಾಡುತ್ತಲೇ ಕಟ್ಟುತ್ತಾನೆ. ಹಾಡುವುದೂ ರಚಿಸುವುದೂ ಅಲ್ಲಿ ಒಂದೇ ಕ್ರಿಯೆ. ನಮ್ಮ ಹೆಂಗಸರ ಹಾಡು ಅವರ ವೀರಗಾಥೆಗಳಂಥದಲ್ಲ, ನಿಜ. ಆದರೂ ಒಬ್ಬರು ಎತ್ತಿದ ಸೊಲ್ಲಿಗೆ ಇನ್ನೊಬ್ಬರು ಆ ಕ್ಷಣದಲ್ಲಿಯೇ ಹೊಸ ಸೊಲ್ಲು ಜೋಡಿಸುವುದನ್ನು ಬೀಸುವ ಕಲ್ಲಿನ ಮುಂದೆ ಕೇಳಿ ಬೆಳೆದವನು ನಾನು. ಅವರನ್ನು ಕವಿ ಎನ್ನಲು ಸಂಕೋಚ ಯಾಕೆ?

ಈ ಸಂಕೋಚ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಕ್ಷರ ಕಲಿತು, ಪುಸ್ತಕ ಅಚ್ಚು ಹಾಕಿಸಿದ ಮೂಲನಿವಾಸಿ ಕವಿಗೂ ಲೋಕ ಇದೇ ಸಂಶಯವನ್ನು ತೋರಿಸಿದ ಒಂದು ಉದಾಹರಣೆ ಸಮುದ್ರದಾಚೆ ಇದೆ. ಆಸ್ಟ್ರೇಲಿಯದ ಊಡ್ಗೆರೂ ನೂನಕಲ್ 1920ರ ನವೆಂಬರ್ 3ರಂದು ಹುಟ್ಟಿದರು. ಬಹುಕಾಲ ಕ್ಯಾಥ್ ವಾಕರ್ ಎಂಬ ಹೆಸರಿನಿಂದಲೇ ಪ್ರಸಿದ್ಧರಾಗಿದ್ದರು. ಕ್ವೀನ್ಸ್‌ಲೆಂಡ್ ತೀರದ ಮಿಂಜೆರಿಬಾ ದ್ವೀಪ ಅವರ ನೆಲ. ಶಾಲೆಯಲ್ಲಿ ಎಡಗೈಯಿಂದ ಬರೆಯುತ್ತಾಳೆಂದು ಏಟು ತಿಂದರು. ಹದಿಮೂರರ ವಯಸ್ಸಿಗೆ ಶಾಲೆ ಬಿಟ್ಟು ಬಿಳಿಯರ ಮನೆಯ ಕೆಲಸಕ್ಕೆ ಸೇರಿದರು. ಯುದ್ಧಕಾಲದಲ್ಲಿ, 1942ರಲ್ಲಿ, ಸೈನ್ಯದ ಮಹಿಳಾ ವಿಭಾಗವನ್ನು ಸೇರಿದರು. 1964ರಲ್ಲಿ ಅವರ ಮೊದಲ ಕವನ ಸಂಕಲನ ಬಂತು. ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರು ಪ್ರಕಟಿಸಿದ ಮೊದಲ ಕವನ ಸಂಕಲನ ಅದು. ಜನ ಕೊಂಡು ಓದಿದರು, ಮುದ್ರಣಗಳ ಮೇಲೆ ಮುದ್ರಣ ಕಂಡಿತು. ವಿಮರ್ಶಕರಲ್ಲಿ ಕೆಲವರು ಮಾತ್ರ ಇದು ಕವಿತೆಯಲ್ಲ, ಘೋಷಣೆ ಎಂದರು. ಮೂಲನಿವಾಸಿ ಹೆಂಗಸು ಇದನ್ನು ತಾನೇ ಬರೆದಿದ್ದಾಳೆಯೆ ಎಂದು ಸಂದೇಹಪಟ್ಟವರೂ ಇದ್ದರು.

ಅವರ ಹೋರಾಟ ಕಾಗದದ ಮೇಲಷ್ಟೇ ಇರಲಿಲ್ಲ. ಮೂಲನಿವಾಸಿಗಳ ಬಗ್ಗೆ ಕಾನೂನು ಮಾಡುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಇರಬೇಕು, ಅವರನ್ನು ದೇಶದ ಜನಗಣತಿಯಲ್ಲಿ ಎಣಿಸಬೇಕು ಎಂದು 1967ರ ಮೇ 27ರಂದು ಜನಮತಗಣನೆ ನಡೆಯಿತು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮತಗಳು ‘ಹೌದು’ ಎಂದವು. ಅದಕ್ಕಾಗಿ ವರ್ಷಗಟ್ಟಲೆ ಊರೂರು ತಿರುಗಿ ಮಾತಾಡಿದವರಲ್ಲಿ ಈ ಕವಿ ಪ್ರಮುಖರು. ಮುಂದೆ ತಮ್ಮ ದ್ವೀಪದಲ್ಲಿ ಮೂಂಗಲ್ಬ ಎಂಬ ಕಲಿಕೆಯ ನೆಲೆಯನ್ನು ಮಾಡಿಕೊಂಡು, ಸಾವಿರಾರು ಮಕ್ಕಳಿಗೆ ಮರ, ಮೀನು, ಕಥೆಗಳ ಪಾಠ ಹೇಳಿದರು. 1970ರಲ್ಲಿ ಬಂದಿದ್ದ ಬ್ರಿಟಿಷ್ ಸರ್ಕಾರದ ಗೌರವ ಪದಕವನ್ನು 1987ರಲ್ಲಿ ಹಿಂತಿರುಗಿಸಿದರು. ಬಿಳಿಯರು ಬಂದಿಳಿದು ಇನ್ನೂರು ವರ್ಷವಾದ ಸಂಭ್ರಮವನ್ನು ದೇಶ 1988ರಲ್ಲಿ ಆಚರಿಸಲು ಹೊರಟಿತ್ತು. ಅದಕ್ಕೆ ಅವರ ಪ್ರತಿಭಟನೆ ಅದು. ಆಗಲೇ ಹಳೆಯ ಹೆಸರನ್ನು ಬಿಟ್ಟು ಊಡ್ಗೆರೂ ಎಂಬ ಹೆಸರನ್ನು ಧರಿಸಿದರು. ಕಾಗದದಂತೆ ಪದರಪದರವಾಗಿ ಬಿಚ್ಚಿಕೊಳ್ಳುವ ತೊಗಟೆಯ ಒಂದು ಮರದ ಹೆಸರು ಅದು. 1993ರ ಸೆಪ್ಟೆಂಬರ್ 16ರಂದು ತೀರಿಕೊಂಡರು.

ಈ ಇಬ್ಬರನ್ನು ಅಕ್ಕಪಕ್ಕ ಇರಿಸಿ ನೋಡಿದಾಗ ನನಗೆ ಕಾಣುವುದು ಹೀಗೆ. ಆಸ್ಟ್ರೇಲಿಯದ ಮೂಲನಿವಾಸಿಗಳ ಮಕ್ಕಳನ್ನು ಶಾಲೆಗಳಲ್ಲಿ, ಮಿಷನ್ನುಗಳಲ್ಲಿ ತಮ್ಮ ನುಡಿಯಿಂದ ಬೇರ್ಪಡಿಸಲಾಯಿತು. ಊಡ್ಗೆರೂ ಆಳುವವರ ಭಾಷೆಯಾದ ಇಂಗ್ಲಿಷಿನಲ್ಲಿ ಬರೆಯಬೇಕಾಯಿತು. ಅವರಿಗೆ ಕಾಗದ ಸಿಕ್ಕಿತು, ಅಜ್ಜಂದಿರ ನುಡಿಯ ಬಹುಪಾಲು ಕೈತಪ್ಪಿತು. ಸುಕ್ರಜ್ಜಿಗೆ ಕಾಗದ ಸಿಗಲಿಲ್ಲ. ತಾಯಿಯ ನುಡಿ ಮಾತ್ರ ಇಡಿಯಾಗಿ ಉಳಿಯಿತು. ಒಬ್ಬರು ಬರೆದು ಕವಿಯಾದರು, ಇನ್ನೊಬ್ಬರು ಬರೆಯದೆ ಕವಿಯಾದರು. ಇಬ್ಬರೂ ತಮ್ಮ ಜನರ ಹಿರಿಯರಾದರು, ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕಲಿಸಿದರು. ಇಬ್ಬರನ್ನೂ ಸರ್ಕಾರಗಳು ಗೌರವಿಸಿದವು. ಗೌರವ ಸಿಕ್ಕಷ್ಟು ಸುಲಭವಾಗಿ ಅವರು ಕೇಳಿದ್ದು ಸಿಗಲಿಲ್ಲ.

ಸುಕ್ರಜ್ಜಿ ಕೇಳಿದ್ದರಲ್ಲಿ ಮೊದಲನೆಯದು ಹೆಂಡ ಸಾರಾಯಿಯ ಕಾಟದಿಂದ ಬಿಡುಗಡೆ. ಗಂಡನನ್ನೂ ಮಗನನ್ನೂ ಕುಡಿತಕ್ಕೆ ಕಳೆದುಕೊಂಡ ಹೆಂಗಸು ಮನೆಯ ಮೂಲೆ ಹಿಡಿದು ಕೂರಲಿಲ್ಲ. ಊರ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ನಿಂತರು. ಕರ್ನಾಟಕದಲ್ಲಿ ಸಾರಾಯಿ ನಿಷೇಧ ಜಾರಿಗೆ ಬಂದದ್ದು 2007ರ ಜುಲೈ 1ರಿಂದ. ಅದರ ಹಿಂದೆ ಇಂಥ ಎಷ್ಟೋ ಹಳ್ಳಿಗಳ ಎಷ್ಟೋ ಹೆಂಗಸರ ದನಿ ಇತ್ತು. ಆದರೆ ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮುಗಳ ಪೊಟ್ಟಣಗಳು ಬಂದು ಕುಳಿತವು. ಕಿರಾಣಿ ಅಂಗಡಿಯ ಹಿಂಬಾಗಿಲಲ್ಲಿ ಅಕ್ರಮ ಮಾರಾಟ ನಡೆಯಿತು. ಪದ್ಮಶ್ರೀ ಬಂದ ಮೇಲೂ ಈ ಅಜ್ಜಿ ಅಭಿನಂದಿಸಲು ಬಂದವರ ಮುಂದೆ ಊರಿನ ಅಕ್ರಮ ಮದ್ಯದ ಮಾತನ್ನೇ ಎತ್ತುತ್ತಿದ್ದರು.

ಇಲ್ಲಿಯೂ ಊಡ್ಗೆರೂ ಅವರ ಒಂದು ಪ್ರಸಂಗ ನೆನಪಾಗುತ್ತದೆ. 1963ರಲ್ಲಿ ಮೂಲನಿವಾಸಿಗಳ ಹಕ್ಕುಗಳಿಗಾಗಿ ಒಂದು ನಿಯೋಗ ಪ್ರಧಾನಿ ಮೆನ್ಜೀಸ್ ಅವರನ್ನು ಕಾಣಲು ಹೋಯಿತು. ಪ್ರಧಾನಿಗಳು ಉಪಚಾರಕ್ಕೆಂದು ಮದ್ಯವನ್ನು ನೀಡಬಂದರು. ತಮ್ಮ ರಾಜ್ಯದಲ್ಲಿ ಮೂಲನಿವಾಸಿಗೆ ಮದ್ಯ ಕೊಟ್ಟವರು ಜೈಲಿಗೆ ಹೋಗಬೇಕಾಗುತ್ತದೆ ಎಂದು ಈ ಕವಿ ಅವರಿಗೆ ತಿಳಿಸಿದರಂತೆ. ಅಲ್ಲಿ ಒಂದು ಜನಾಂಗವನ್ನು ಕೀಳೆಂದು ಎಣಿಸಿ ಕಾನೂನೇ ಮದ್ಯವನ್ನು ತಡೆದಿತ್ತು. ಇಲ್ಲಿ ಬಡವರ ಓಣಿಗೆ ಮದ್ಯ ತಾನಾಗಿ ಹರಿದು ಬರುತ್ತಿತ್ತು. ಎರಡರಲ್ಲಿಯೂ ನಿರ್ಧಾರ ಮಾಡಿದವರು ಬೇರೆಯವರು. ಇಬ್ಬರು ಹೆಂಗಸರೂ ಬಯಸಿದ್ದು ತಮ್ಮ ಜನರ ಬದುಕಿನ ನಿರ್ಧಾರ ತಮ್ಮ ಜನರ ಕೈಯಲ್ಲಿರಲಿ ಎಂಬುದನ್ನೇ.

ನಮ್ಮ ಕಲ್ಯಾಣ ಕರ್ನಾಟಕದ ಓದುಗರಿಗೆ ಈ ಸಂಗತಿ ದೂರದ್ದಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸಾವಿರಾರು ಹೆಂಗಸರು ನಡೆದುಹೋದರು. ಅವರಲ್ಲಿ ನಮ್ಮ ರಾಯಚೂರಿನ ಕಡೆಯವರು ಬಹಳ ಮಂದಿ ಇದ್ದರು. ನಾನು ಪಾಠ ಹೇಳಿದ ಶಾಲೆಗಳಲ್ಲಿ ಸೋಮವಾರ ಗೈರುಹಾಜರಾಗುವ ಮಕ್ಕಳನ್ನು ಕರೆದು ಕಾರಣ ಕೇಳಿದರೆ, ತಲೆ ತಗ್ಗಿಸಿ ನಿಲ್ಲುವ ಮುಖದಲ್ಲಿಯೇ ಉತ್ತರ ಇರುತ್ತಿತ್ತು. ಭಾನುವಾರದ ಸಂತೆ, ಅಪ್ಪನ ಕೂಲಿ, ರಾತ್ರಿಯ ಜಗಳ. ಅಂಥ ಮಕ್ಕಳನ್ನು ಕಂಡವರಿಗೆ ಸುಕ್ರಜ್ಜಿಯ ಹೋರಾಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಬೇಡಿಕೆ, ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಬೇಕೆಂಬುದು. ಇದು ದಶಕಗಳ ಬೇಡಿಕೆ. ನಮ್ಮ ಭಾಗದಲ್ಲಿ ಗೊಂಡ ಕುರುಬರು, ಕೋಲಿ ಕಬ್ಬಲಿಗರು ಇಂಥದೇ ಬೇಡಿಕೆಯನ್ನು ಹಿಡಿದುಕೊಂಡು ಬಂದಿರುವುದರಿಂದ ಈ ದಾರಿ ಎಷ್ಟು ಉದ್ದದ್ದೆಂದು ನಮಗೆ ಗೊತ್ತು. ರಾಜ್ಯ ಸರ್ಕಾರ ಶಿಫಾರಸು ಮಾಡಬೇಕು, ದಿಲ್ಲಿಯ ಕಚೇರಿಗಳು ಒಪ್ಪಬೇಕು, ಕೊನೆಗೆ ಸಂಸತ್ತು ಕಾನೂನು ಮಾಡಬೇಕು. ಯಾರು ಬುಡಕಟ್ಟಿನವರು ಎಂದು ಅಳೆಯಲು 1965ರ ಲೋಕೂರ್ ಸಮಿತಿಯ ಐದು ಲಕ್ಷಣಗಳನ್ನು ಬಳಸುತ್ತ ಬಂದಿದ್ದಾರೆ: ಆದಿಮ ಗುಣಗಳು, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ.

ಇದರಲ್ಲಿ ಒಂದು ವಿಚಿತ್ರವಿದೆ. 2017ರಲ್ಲಿ ಸುಕ್ರಜ್ಜಿಗೆ ಪದ್ಮಶ್ರೀ ಬಂತು. ರಾಷ್ಟ್ರಪತಿ ಪ್ರಣವ್ ಮುಖರ್ಜಿಯವರ ಕೈಯಿಂದ ಅದನ್ನು ಪಡೆಯಲು ಅವರು ರಾಷ್ಟ್ರಪತಿ ಭವನಕ್ಕೆ ಹೋದರು. ಅದಕ್ಕೂ ಮೊದಲೇ ಹಂಪಿಯ ಕನ್ನಡ ವಿಶ್ವವಿದ್ಯಾಲಯ ‘ನಾಡೋಜ’ ಗೌರವ ಕೊಟ್ಟಿತ್ತು. ಅವರ ಸಮುದಾಯದವರೇ ಆದ, ಅದೇ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಗಿಡಮರಗಳನ್ನು ಬೆಳೆಸಿದ್ದಕ್ಕಾಗಿ 2021ರಲ್ಲಿ ಬರಿಗಾಲಿನಲ್ಲಿ ಹೋಗಿ ಪದ್ಮಶ್ರೀ ಸ್ವೀಕರಿಸಿದ್ದನ್ನು ದೂರದರ್ಶನದಲ್ಲಿ ನಾವೆಲ್ಲ ನೋಡಿದ್ದೇವೆ. ಆ ಉಡುಗೆ, ಆ ಮಣಿಸರ, ಆ ಹಾಡು, ಆ ಕಾಡಿನ ತಿಳಿವಳಿಕೆ ಇವೆಲ್ಲ ದಿಲ್ಲಿಯ ಸಭಾಂಗಣದಲ್ಲಿ ದೇಶದ ಹೆಮ್ಮೆಯ ಸಂಸ್ಕೃತಿಯಾದವು. ಅದೇ ಸಮುದಾಯದ ಕಡತ ಮಾತ್ರ ದಡ ಸೇರಲಿಲ್ಲ. ಸುಕ್ರಜ್ಜಿ ಬದುಕಿರುವವರೆಗೂ ಆ ಬೇಡಿಕೆ ಈಡೇರಲಿಲ್ಲ. ಹಾಡನ್ನು ಕೇಳಿ ಚಪ್ಪಾಳೆ ತಟ್ಟುವುದು ಬೇರೆ, ಹಾಡಿದವಳ ಮಾತಿಗೆ ಕಿವಿಗೊಡುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿಯದು. ಪಟ್ಟಿಗೆ ಯಾರು ಸೇರಬೇಕು ಎಂಬುದನ್ನು ತೀರ್ಮಾನಿಸುವುದು ನನ್ನಂಥ ಮಾಸ್ತರನ ಕೆಲಸವಲ್ಲ. ಆದರೆ ಒಬ್ಬ ಕವಿಯನ್ನು ಗೌರವಿಸಿದ ಮೇಲೆ, ಆಕೆಯ ಪ್ರಶ್ನೆಗೆ ಹೌದೆಂದೋ ಅಲ್ಲವೆಂದೋ ಆಕೆ ಕಣ್ಣುಮುಚ್ಚುವ ಮೊದಲು ಕಾರಣಸಹಿತ ಉತ್ತರ ಹೇಳುವುದು ಸೌಜನ್ಯ ಎಂದಷ್ಟೇ ನಾನು ಹೇಳಬಲ್ಲೆ.

ತುಳಸಿ ಗೌಡರು 2024ರ ಡಿಸೆಂಬರ್ 16ರಂದು ತೀರಿಕೊಂಡರು. ಎರಡು ತಿಂಗಳು ತುಂಬುವುದರೊಳಗೆ, 2025ರ ಫೆಬ್ರವರಿ 13ರಂದು, ಎಂಬತ್ತು ದಾಟಿದ ಸುಕ್ರಜ್ಜಿಯೂ ಹೋದರು. ಕಾಡನ್ನು ಬಲ್ಲವರು ಒಬ್ಬರು, ಹಾಡನ್ನು ಬಲ್ಲವರು ಇನ್ನೊಬ್ಬರು, ಒಂದೇ ಚಳಿಗಾಲದಲ್ಲಿ ಅಂಕೋಲೆಯಿಂದ ಎದ್ದುಹೋದಂತಾಯಿತು.

ಹಾಡುಗಳು ಏನಾದವು? ಕಾರವಾರದ ಆಕಾಶವಾಣಿ ಅವರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡಿದೆ. ಅವರಿಂದ ಕಲಿತ ಹೆಂಗಸರು ಬಡಗೇರಿಯಲ್ಲಿದ್ದಾರೆ. ಇದು ಸಣ್ಣ ಸಮಾಧಾನವಲ್ಲ. ಆದರೆ ಧ್ವನಿಮುದ್ರಣ ಉಳಿಸುವುದು ಒಂದು ದಿನದ ಹಾಡನ್ನು. ನಾಳೆ ಇನ್ನೊಂದು ಗದ್ದೆಯಲ್ಲಿ, ಇನ್ನೊಬ್ಬ ಮದುಮಗಳ ಮುಂದೆ ಸುಕ್ರಜ್ಜಿ ಅದನ್ನು ಹೇಗೆ ಕಟ್ಟುತ್ತಿದ್ದರು ಎಂಬುದು ಪೆಟ್ಟಿಗೆಯಲ್ಲಿ ಸಿಗುವುದಿಲ್ಲ. ಅದು ಸಿಗಬೇಕಾದರೆ ಹಾಡುವ ಬಾಯಿ ಇರಬೇಕು, ಹಾಡಿಗೆ ಒಂದು ಸಂದರ್ಭ ಇರಬೇಕು, ಕೇಳುವ ಮಕ್ಕಳಿಗೆ ಅದು ನಾಚಿಕೆಯ ವಸ್ತುವಲ್ಲ ಎಂಬ ಭಾವನೆ ಇರಬೇಕು. ಮೊದಲಿನ ಎರಡು ನಮ್ಮ ಕೈಯಲ್ಲಿ ಪೂರ್ತಿಯಾಗಿ ಇಲ್ಲ. ಮೂರನೆಯದು ಶಾಲೆಯ ಕೈಯಲ್ಲಿದೆ.

ಕಮಲಾಪುರದ ಕಡೆಯ ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳಿಗೆ ನಾನು ಒಂದು ವರ್ಷ, ಮನೆಯ ಹಿರಿಯರಿಂದ ಒಂದು ಹಾಡನ್ನು ಕೇಳಿ, ಕನ್ನಡ ಲಿಪಿಯಲ್ಲಿ ಬರೆದು ತನ್ನಿ ಎಂದು ಹೇಳಿದ್ದೆ. ಲಂಬಾಣಿ ನುಡಿಗೆ ತನ್ನದೇ ಆದ ಲಿಪಿ ಇಲ್ಲ. ಮೊದಲು ಯಾರೂ ತರಲಿಲ್ಲ, ನಗುತ್ತಾರೆಂಬ ಅಂಜಿಕೆ. ವಾರ ಕಳೆದ ಮೇಲೆ ಒಬ್ಬ ಹುಡುಗಿ ಎರಡು ಪುಟ ತುಂಬ ಬರೆದು ತಂದಳು. ಮದುವೆಯಾಗಿ ತಾಂಡಾ ಬಿಟ್ಟು ಹೊರಡುವ ಹೆಣ್ಣು ಹಾಡುತ್ತ ಅಳುವ ‘ಢಾವ್ಲೊ’ ಅದು. ಅರ್ಥ ಕೇಳಿದೆ. ಹೇಳುತ್ತ ಹೇಳುತ್ತ ಅವಳ ಗಂಟಲು ಕಟ್ಟಿತು; ಅವಳ ಅಕ್ಕನ ಮದುವೆ ಆಗ ಹೊಸದಾಗಿ ಆಗಿತ್ತು. ತರಗತಿಯಲ್ಲಿ ಯಾರೂ ನಗಲಿಲ್ಲ. ಮರುದಿನ ಹನ್ನೊಂದು ಮಕ್ಕಳು ಹಾಡು ತಂದರು. ಒಬ್ಬ ಹುಡುಗನಂತೂ ತನ್ನ ಅಜ್ಜಿಯನ್ನೇ ಶಾಲೆಯ ಗೇಟಿನವರೆಗೆ ಕರೆತಂದು, “ಸರ್, ಬರೀಲಾಕ ಆಗ್ವಲ್ತು, ಭಾಳ ಉದ್ದ ಐತಿ, ನೀವೇ ಕೇಳ್ರಿ” ಎಂದ. ಆ ಮುದುಕಿ ಬೇವಿನ ಗಿಡದ ಕಟ್ಟೆಯ ಮೇಲೆ ಕುಳಿತು ಹಾಡಿದಳು. ಆ ದಿನ ಶಾಲೆಗೆ ಬಂದ ಅತಿಥಿ ಕವಿ ಅವಳೇ ಎಂದು ನಾನು ಮಕ್ಕಳಿಗೆ ಪರಿಚಯ ಮಾಡಿಕೊಟ್ಟೆ. ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟೊತ್ತುವ ಕೈಯನ್ನು ಮಕ್ಕಳು ಮುಟ್ಟಿ ನಮಸ್ಕರಿಸಿದರು.

ಅಕ್ಷರ ಬೇಡವೆಂದು ನಾನು ಹೇಳುತ್ತಿಲ್ಲ. ಜೀವಮಾನವಿಡೀ ಅಕ್ಷರ ಕಲಿಸಿ ಅನ್ನ ಉಂಡವನು ನಾನು. ಸುಕ್ರಜ್ಜಿಯ ಜನ ಅಕ್ಷರದಿಂದ ದೂರ ಉಳಿದದ್ದರಿಂದಲೇ ಅವರ ಅರ್ಜಿಗಳನ್ನು ಬೇರೆಯವರು ಬರೆಯಬೇಕಾಯಿತು, ಅವರ ಕಡತಗಳನ್ನು ಬೇರೆಯವರು ಓದಬೇಕಾಯಿತು. ಹಾಲಕ್ಕಿಯ ಮಕ್ಕಳೂ ತಾಂಡಾದ ಮಕ್ಕಳೂ ಬಿ.ಎ., ಎಂ.ಎ. ಓದಲಿ, ಅಧಿಕಾರಿಗಳಾಗಲಿ. ಅಕ್ಷರ ಕಲಿಯುವ ಬೆಲೆಯಾಗಿ ಅಜ್ಜಿಯ ಹಾಡನ್ನು ಒತ್ತೆಯಿಡಬೇಕಾಗಬಾರದು, ಅಷ್ಟೇ. ಊಡ್ಗೆರೂ ಅಂಥವರ ಪೀಳಿಗೆ ಆ ಬೆಲೆಯನ್ನು ತೆತ್ತಿತು. ನಮ್ಮಲ್ಲಿ ಇನ್ನೂ ಪೂರ್ತಿಯಾಗಿ ತೆತ್ತಿಲ್ಲ. ಹಾಡು ಬಲ್ಲ ಮುದುಕಿಯರು ಇನ್ನೂ ಅಲ್ಲಲ್ಲಿ ಇದ್ದಾರೆ, ಮೊಮ್ಮಕ್ಕಳ ಕೈಗೆ ಪೆನ್ನೂ ಬಂದಿದೆ. ಈ ಎರಡೂ ಒಂದೇ ಮನೆಯಲ್ಲಿ ಒಟ್ಟಿಗೆ ಇರುವ ಕಾಲ ಬಹಳ ದಿನ ಇರಲಾರದು.

ಆದ್ದರಿಂದ ಓದುಗರಲ್ಲಿ, ಮುಖ್ಯವಾಗಿ ಇನ್ನೂ ಸೇವೆಯಲ್ಲಿರುವ ನನ್ನ ಅಧ್ಯಾಪಕ ಮಿತ್ರರಲ್ಲಿ, ಒಂದು ವಿನಂತಿ. ಈ ಬೇಸಿಗೆಯ ರಜೆಯಲ್ಲಿ ಮಕ್ಕಳಿಗೆ ಒಂದು ಕೆಲಸ ಕೊಡಿ. ಮನೆಯಲ್ಲಿಯೋ ಓಣಿಯಲ್ಲಿಯೋ ಇರುವ ಹಿರಿಯರಿಂದ ಒಂದೇ ಒಂದು ಹಾಡನ್ನು ಕೇಳಿ ಬರೆದುಕೊಳ್ಳಲಿ. ಈಗ ಮೊಬೈಲಿನಲ್ಲಿ ದನಿಯನ್ನೂ ಹಿಡಿಯಬಹುದು. ಅದನ್ನು ಯಾವ ಕೆಲಸದಲ್ಲಿ, ಯಾವ ಹೊತ್ತಿನಲ್ಲಿ ಹಾಡುತ್ತಿದ್ದರು, ಯಾರಿಂದ ಕಲಿತರು ಎಂಬುದನ್ನೂ ಕೇಳಲಿ. ಅರ್ಥವಾಗದ ಮಾತನ್ನು ತಿದ್ದದೆ ಇದ್ದಂತೆಯೇ ಬರೆಯಲಿ. ಕೊನೆಗೆ, ಹಾಡಿನ ಕೆಳಗೆ ‘ಜನಪದ’ ಎಂದು ಬರೆದು ಮುಗಿಸುವುದು ಬೇಡ. ಊರಿನ ಹೆಸರು, ತಾರೀಖು, ಮತ್ತು ಎಲ್ಲಕ್ಕಿಂತ ಮೊದಲು ಹಾಡಿದವರ ಪೂರ್ತಿ ಹೆಸರನ್ನು ಬರೆಸಿರಿ.